ಕಪ್ಪು ಬಾಳೆಹಣ್ಣಿನ ಜೋಂಪು

ಸಿಪ್ಪೆ ಕಪ್ಪಾದ ಬಾಳೆಹಣ್ಣೊಂದು ಅಡುಗೆಮನೆಯ ಬಿಸಿಲಿನಲ್ಲಿ ತೂಕಡಿಸುತ್ತಾ, ಇವತ್ತು ತನ್ನನ್ನು ಕಸಕ್ಕೆ ಎಸೆಯುತ್ತಾರೇನೋ ಎಂದು ಹೆದರುತ್ತಿತ್ತು.

"ಏನಜ್ಜೀ, ಗಂಟುಮೂಟೆ ಕಟ್ಟಿದ್ಯಾ?" ಎಂದು ಡಬ್ಬಿಯೊಳಗಿನ ಸಕ್ಕರೆ ಕೆಣಕಿತು. "ಇವತ್ತು ಬಿಸ್ಕತ್ತು ಮಾಡ್ತಾರೆ. ನಾನಿಲ್ಲದೆ ಆಗೋದುಂಟೇ?"

"ಹಸಿರಾಗಿದ್ದಾಗ ನಾನೂ ಬಿಗುಮಾನದವಳೇ, ಮಗಳೇ. ಸಿಹಿ ಬಂದದ್ದು ಕಪ್ಪಾದ ಮೇಲೆ," ಎಂದಿತು ಹಣ್ಣು.

ಮನೆಯೊಡತಿ ವಾರಿಜಮ್ಮ ಬಂದವರೇ ಸಕ್ಕರೆ ಡಬ್ಬಿಯನ್ನು ಮೇಲಿನ ಗೂಡಿಗೇರಿಸಿದರು. ಹಣ್ಣನ್ನು ಸುಲಿದು ಕಿವುಚಿ, ಉದುರುದುರಾಗಿದ್ದ ಓಟ್ಸನ್ನೂ ಒಣದ್ರಾಕ್ಷಿಯನ್ನೂ ಅದರಲ್ಲಿ ಕಲಸಿ, ಬಿಲ್ಲೆ ತಟ್ಟಿ ಓವನ್ನಿನಲ್ಲಿಟ್ಟರು. ಆ ಬೆಚ್ಚನೆಯ ಕಾವಿಗೆ ಹಣ್ಣಿಗೆ ಜೋಂಪು ಹತ್ತಿತು. ಕನಸಿನಲ್ಲಿ ಅದಕ್ಕೆ ಸಿಪ್ಪೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

ಬಿಸ್ಕತ್ತು ತಟ್ಟೆಗೆ ಬಂದಾಗ ಸಕ್ಕರೆ ಮೇಲಿನಿಂದ ಇಣುಕಿತು. "ಅಜ್ಜಿ ಕಾಣಿಸ್ತಿಲ್ಲ. ಕಸಕ್ಕೇ ಹೋದಳಾ?"

"ಮೆಲ್ಲಗೆ ಮಾತಾಡು," ಎಂದಿತು ಓಟ್ಸು. "ನಾವು ಉದುರದ ಹಾಗೆ ಎಲ್ಲರನ್ನೂ ತಬ್ಬಿಕೊಂಡು ಮಲಗಿದ್ದಾಳೆ."