ಎರಡನೆಯ ಸಲ

ಆಗಸ್ಟ್ ಎರಡು, ಶುಕ್ರವಾರ. ಬೆಳಗಿನಿಂದ ಮೋಡ ಮುಚ್ಚಿತ್ತು, ಮಳೆ ಬರಲಿಲ್ಲ. ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಪ್ರಭುಲಿಂಗ ಹೆಚ್ಚಿನ ಓದಿಗೆಂದು ಅಮೆರಿಕಕ್ಕೆ ಹೊರಟಿದ್ದ. ಸ್ವಾಮಿಗಳ ಪಾದಕ್ಕೆರಗಿ, ಎದುರಿಗೆ ಕುಳಿತು ಕೇಳಿದ:

“ಬುದ್ಧೀ, ಅಲ್ಲಿ ಇರಬೇಕಾದರೆ ಅಲ್ಲಿಯವರ ಹಾಗೆಯೇ ಆಗಬೇಕು ಅಂತಾರೆ. ಎಲ್ಲಿಯವರೆಗೆ ಆಗಬೇಕು?”

ಸ್ವಾಮಿಗಳು ಒಂದು ಕತೆ ಹೇಳತೊಡಗಿದರು.

ನಮ್ಮ ಕಡೆಯ ಒಬ್ಬ ವಿದ್ಯಾರ್ಥಿ ಆ ದೇಶದ ಒಂದು ಚಳಿಯ ಊರಿಗೆ ಓದಲು ಹೋದ. ಹೋದ ಹೊಸದರಲ್ಲಿ ಅವನ ಅಧ್ಯಾಪಕರು ಮನೆಗೆ ಊಟಕ್ಕೆ ಕರೆದರು. ಮನೆಯಾಕೆ ಇನ್ನಷ್ಟು ಬಡಿಸಲೇ ಎಂದು ಕೇಳಿದಳು. ಅವನಿಗೆ ಹಸಿವು ಹಾಗೆಯೇ ಇತ್ತು. ಆದರೂ ತಟ್ಟೆಗೆ ಕೈ ಅಡ್ಡ ಹಿಡಿದು ಬೇಡವೆಂದ. ನಮ್ಮಲ್ಲಿ ಮೊದಲ ಸಲ ಬೇಡವೆನ್ನುವುದು ಸಂಕೋಚಕ್ಕೆ. ಇನ್ನೊಂದು ಸಲ ಕೇಳಿದರೆ ತಾನೇ ಕರೆದವರ ಮನಸ್ಸು ಗೊತ್ತಾಗುವುದು? ಆಕೆ ನಕ್ಕು, ಪಾತ್ರೆಯನ್ನು ಒಳಗೆ ಒಯ್ದಳು. ಅವನು ಕೋಣೆಗೆ ಬಂದು ಬ್ರೆಡ್ಡು ತಿಂದು ಮಲಗಿದ.

ಚಳಿ ಶುರುವಾದಾಗ ಜೊತೆಯಲ್ಲಿದ್ದ ಆ ಊರಿನ ಹುಡುಗ ತನ್ನ ಹಳೆಯ ಕೋಟನ್ನು ಕೊಡಲು ಬಂದ. ಇವನು ಅದಕ್ಕೂ ಬೇಡವೆಂದ. ಕೋಟು ಬೇರೆ ಯಾರದೋ ಪಾಲಾಯಿತು. ಇವನು ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಚಳಿಗಾಲ ಕಳೆದ. ಇವರೆಲ್ಲ ಬಾಯುಪಚಾರದ ಜನ ಎಂದು ಮನಸ್ಸು ಕಹಿಯಾಯಿತು. ಅಲ್ಲೇ ನೆಲೆಸಿದ್ದ ಗುಂಡ್ಲುಪೇಟೆಯ ಹಿರಿಯರೊಬ್ಬರ ಹತ್ತಿರ ಗೋಳು ಹೇಳಿಕೊಂಡರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇಲ್ಲಿ ಬೇಡ ಅಂದ್ರೆ ಬೇಡ ಅಂತಲೇ ಕಣಯ್ಯ. ಕೈ ಹಿಡಿದು ಕೂರಿಸಿ ಬಡಿಸೋಕೆ ಇದೇನು ನಿಮ್ಮ ಸೋದರತ್ತೆ ಮನೆಯಾ?”

ಅವನು ಕಲಿತ. ಮೊದಲ ಮಾತಿಗೇ ಹೂಂ ಎನ್ನಲು ನಾಲಿಗೆ ಸ್ವಲ್ಪ ದಿನ ಹಿಂಜರಿಯಿತು, ಆಮೇಲೆ ಒಗ್ಗಿತು. ತಾನೂ ಯಾರನ್ನೇ ಆಗಲಿ ಒಂದೇ ಸಲ ಕೇಳತೊಡಗಿದ. ಬೇಡವೆಂದವನನ್ನು ಮತ್ತೆ ಕೇಳಿದರೆ ಅವನ ಮಾತನ್ನು ನಂಬದಂತೆ ಎಂದು ಆ ಜನ ತಿಳಿದಿದ್ದಾರೆ, ಅದರಲ್ಲೂ ಒಂದು ಮರ್ಯಾದೆಯಿದೆ ಎಂಬುದು ಅವನಿಗೆ ಅರ್ಥವಾಯಿತು. ಅವರ ಮೇಲಿದ್ದ ಸಿಟ್ಟು ಹೋಯಿತು. ತಾನು ಹಸಿದು, ನಡುಗಿ ಕಲಿತೆನೆಂಬುದು ಮಾತ್ರ ಹೊಟ್ಟೆಯೊಳಗೆ ಉಳಿಯಿತು.

ಕೆಲವು ವರ್ಷಗಳಾದವು. ಅವನು ಕಾರು ಕೊಂಡ. ಒಂದು ಜನವರಿಯಲ್ಲಿ ಅವನ ಸೀಮೆಯವನೇ ಆದ ಒಬ್ಬ ಹುಡುಗ ಅದೇ ಕಾಲೇಜಿಗೆ ಬಂದು ಸೇರಿದ. ಬಂದು ಇನ್ನೂ ವಾರವಾಗಿರಲಿಲ್ಲ. ಕಾಲಲ್ಲಿ ಊರಿನಿಂದ ತಂದ ಬಟ್ಟೆಯ ಶೂ. ಒಂದು ಸಂಜೆ ಹಿಮ ಬಿದ್ದು ಬಸ್ಸುಗಳು ನಿಂತವು. ಹುಡುಗನ ಕೋಣೆ ಊರಿನ ಆಚೆ ತುದಿಯಲ್ಲಿತ್ತು. ಅವನು ರಸ್ತೆಯ ಬದಿಯಲ್ಲಿ ನಿಂತಿದ್ದನ್ನು ಕಂಡು ಇವನು ಕಾರು ನಿಲ್ಲಿಸಿ ಗಾಜು ಇಳಿಸಿದ. ಮನೆಯ ತನಕ ಬಿಡಲೇ ಎಂದು ಕೇಳಿದ.

“ಅಯ್ಯೋ ಬೇಡಣ್ಣ, ನಿಮಗ್ಯಾಕೆ ತೊಂದ್ರೆ. ನಡ್ಕೊಂಡೇ ಹೋಗ್ತೀನಿ.”

ಹಾಗೆನ್ನುವಾಗ ಹುಡುಗನ ಕೈ ಆಗಲೇ ಕಾರಿನ ಬಾಗಿಲ ಹಿಡಿಯ ಮೇಲಿತ್ತು. ಇವನು ಅದನ್ನು ನೋಡಿದ. ಇನ್ನೊಂದು ಸಲ ಬಾರಯ್ಯ ಎಂದರೆ ಸಾಕಿತ್ತು. ಆ ಮಾತು ಬಾಯಿಯ ತನಕ ಬಂದಿತ್ತು ಕೂಡ. ನನ್ನನ್ನು ಯಾರು ಎರಡನೆಯ ಸಲ ಕೇಳಿದರು? ನಾನು ಕಲಿಯಲಿಲ್ಲವೇ, ಇವನೂ ಕಲಿಯಲಿ ಎಂದುಕೊಂಡ. ಸರಿ ಹಾಗಾದರೆ ಎಂದು ಗಾಜು ಏರಿಸಿದ. ಹುಡುಗ ಬಾಗಿಲಿನಿಂದ ಕೈ ತೆಗೆದು, ಹೋಗಿ ಬನ್ನಿ ಎನ್ನುವಂತೆ ನಕ್ಕ. ಕಾರು ಹೊರಟುಹೋಯಿತು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು.

ಪ್ರಭುಲಿಂಗನಿಗೆ ಕತೆ ಹಿಡಿಸಲಿಲ್ಲ. ಹೊರಡುವ ಹೊತ್ತಿನಲ್ಲಿ ಹೆದರಿಸುವ ಮಾತು ಯಾಕೆ ಎನ್ನಿಸಿತು. ಇದರಲ್ಲಿ ಅವನ ತಪ್ಪೇನಿದೆ ಎಂದು ಕೇಳಿದ. ಆ ಊರಿನವರು ಯಾರೇ ಆಗಿದ್ದರೂ ಒಂದು ಸಲ ಕೇಳಿ ಹೊರಟುಹೋಗುತ್ತಿದ್ದರು, ಅವನು ಮಾಡಿದ್ದೂ ಅಷ್ಟೇ ಅಲ್ಲವೇ ಎಂದ.

“ಹೌದಪ್ಪ,” ಎಂದರು ಸ್ವಾಮಿಗಳು. “ಅವರು ತಿಳಿಯದೆ ಹೋಗುತ್ತಿದ್ದರು. ಇವನು ತಿಳಿದು ಹೋದ.”

ಪ್ರಭುಲಿಂಗ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, “ಆ ಹುಡುಗ ಕಲಿತನೇ ಬುದ್ಧೀ?” ಎಂದು ಕೇಳಿದ.

“ಕಲಿತ. ಹಿಮದಲ್ಲಿ ನಡೆದು ಮರಗಟ್ಟಿ ಸತ್ತ ಎರಡೂ ಕಾಲಿನ ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದ ಮೇಲೆ, ನೀರು ಬೇಕೇ ಎಂದು ನರ್ಸು ಕೇಳಿದಾಗ ಮೊದಲ ಸಲಕ್ಕೇ ಹೂಂ ಅಂದ.”