ಹೊಂಬಾಳಮ್ಮನ ಕಣ್ಣಿಗೆ ಬೋರಲಿಂಗ ಹನಿ ಹಾಕಿದ್ದು

ಕೂತ್ಕೊಳ್ಳಿ, ಹೇಳ್ತೀನಿ. ನಡುನಡುವೆ "ಆಮೇಲೆ? ಆಮೇಲೆ?" ಅಂತ ಪೀಡಿಸಿದ್ರೆ ಎದ್ದು ಹೋಗ್ತೀನಿ, ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ಲು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯೋಳು. ಬಿಸಿನೀರಿನ ತೊಟ್ಟೀಲಿ ತೇಲೋ ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆ ಹುಡುಕಿ ಹಿಡೀಬೇಕು. ಕಣ್ಣಿಲ್ಲದಿದ್ರೆ ಆ ಕೆಲಸ ಇಲ್ಲ, ಆ ಕೆಲಸ ಇಲ್ಲದಿದ್ರೆ ಮನೇಲಿ ಅನ್ನ ಇಲ್ಲ.

ಅವಳಿಗೆ ಒಬ್ಬನೇ ಮಗ, ಬೋರಲಿಂಗ. ಆಳೇನೋ ಬಾಗಿಲೆತ್ತರ. ಬುದ್ಧಿ ಮಾತ್ರ... ಏನು ಹೇಳ್ಲಿ! ಕೆಟ್ಟೋನಲ್ಲ, ಸೋಮಾರಿಯಲ್ಲ, ಹೇಳಿದ್ದು ಮಾಡ್ತಿದ್ದ. ತೊಂದರೆ ಬಂದಿದ್ದೇ ಅಲ್ಲಿ, ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. "ಮೇಕೆ ಹಿಡ್ಕೊಂಡಿರೋ, ಈಗ ಬಂದೆ" ಅಂತ ಅವ್ವ ಸಂತೆಗೆ ಹೋದ್ರೆ, ಸಂಜೆ ಬರೋ ಹೊತ್ತಿಗೂ ಹಿಡ್ಕೊಂಡೇ ನಿಂತಿರೋನು. ಮೇಕೆ ಅವನ ಕಾಲ ಮೇಲೆ ಒರಗಿ ನಿದ್ದೆ ಹೋಗಿರೋದು.

"ಅಯ್ಯೋ ನನ್ನ ಹಣೆಬರಹವೇ! ನಾನು ಹೋದ್ಮೇಲೆ ನಿನ್ನ ಯಾರೋ ನೋಡ್ತಾರೆ?"

"ಎದುರಿಗೆ ನಿಂತ್ಕೊಂಡ್ರೆ ಎಲ್ಲಾರೂ ನೋಡ್ತಾರೆ ಕಣವ್ವ!"

ಹಿಂಗಿರುವಾಗ ಹೊಂಬಾಳಮ್ಮ ಎಡವೋಕೆ ಶುರು ಮಾಡಿದ್ಲು. ಎದುರಿಗಿರೋದು ಕಾಣ್ತಿತ್ತು, ಪಕ್ಕದ್ದು ಕಾಣ್ತಿರ್ಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೊಳ್ಳೋಳು. ಪಕ್ಕದಿಂದ ಸೈಕಲ್ ಬಂದ್ರೆ ಬೆಚ್ಚಿಬೀಳೋಳು. ಪೊರೆ ಬಂದಿರ್ಬೇಕು, ಆಪರೇಷನ್ ಮಾಡಿಸ್ಕೊಂಡ್ರೆ ಸರಿಹೋಗುತ್ತೆ ಅಂದ್ಕೊಂಡು ಮಗನ್ನ ಕರ್ಕೊಂಡು ಪೇಟೆ ಆಸ್ಪತ್ರೆಗೆ ಹೋದ್ಲು.

ಕಣ್ಣಿನ ಡಾಕ್ಟರಮ್ಮ ಮಿಷನ್ನಿನ ಮುಂದೆ ಕೂರಿಸಿ ನೋಡಿದ್ರು, ದೀಪ ಬಿಟ್ಟು ನೋಡಿದ್ರು.

"ಇದು ಪೊರೆ ಅಲ್ಲಮ್ಮ, ಗ್ಲಾಕೋಮಾ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ಒಳಗಿನ ನರ ಸೊರಗ್ತಾ ಬರುತ್ತೆ. ನೋವಿರಲ್ಲ, ಗೊತ್ತೇ ಆಗಲ್ಲ. ನಿಂಗೆ ಪಕ್ಕದ ನೋಟ ಹೋಗಿದೆ, ನಡುವಿಂದು ಮಾತ್ರ ಉಳಿದಿದೆ. ಹೋಗಿರೋ ನೋಟ ಮತ್ತೆ ಬರಲ್ಲ."

"ಬರದಿದ್ಮೇಲೆ ಔಷಧಿ ಯಾಕವ್ವಾ?"

"ಇರೋದು ಹೋಗಬಾರ್ದಲ್ಲ, ಅದಕ್ಕೆ! ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ, ಎರಡು ಕಣ್ಣಿಗೂ. ಇರೋವರೆಗೂ ಹಾಕ್ಕೋಬೇಕು. ಬಿಟ್ರೆ ನಡುವಿನ ನೋಟವೂ ಹೋಗುತ್ತೆ."

ಡಾಕ್ಟರಮ್ಮ ಮಗನ ಕಡೆ ತಿರುಗಿದ್ರು. "ಅವ್ವ ತಾನೇ ಹಾಕ್ಕೊಂಡ್ರೆ ಗುರಿ ತಪ್ಪುತ್ತೆ, ಹಾಕೋನು ನೀನೇ. ಬಾಟ್ಲಿ ಮಾತ್ರ ತಣ್ಣಗಿರೋ ಕಡೆ ಇಡು."

"ಅಷ್ಟೇ ತಾನೆ? ಆಗ್ಲಿ!" ಅಂದ ಬೋರಲಿಂಗ.

ಮನೆಗೆ ಬಂದು ತಣ್ಣಗಿರೋ ಕಡೆ ಹುಡುಕಿದ. ನೆಲ ಮುಟ್ಟಿದ, ಮಡಕೆ ಮುಟ್ಟಿದ, ಮೇಕೆ ಮೂಗು ಮುಟ್ಟಿದ. ಹಿತ್ತಲ ಬಾವಿ ನೀರಿನಷ್ಟು ತಣ್ಣಗೆ ಯಾವುದೂ ಇರ್ಲಿಲ್ಲ. ಗುಳುಂ!

"ಲೋ, ಔಷಧಿ ಎಲ್ಲೋ?"

"ತಣ್ಣಗೈತೆ ಕಣವ್ವ!"

"ಎಲ್ಲಿ ತಣ್ಣಗೈತೆ?"

"ಬಾವಿ ತಳದಲ್ಲಿ!"

"ಅಯ್ಯೋ ಮಂಕೇ! ಔಷಧಿ ಅಂದ್ರೆ ಕಣ್ಣಿಗೆ ಕಾಣೋ ಹಂಗೆ ಇಡ್ಬೇಕು ಕಣೋ!"

"ಅಷ್ಟೇ ತಾನೆ? ಆಗ್ಲಿ!"

ಇನ್ನೊಂದು ಬಾಟ್ಲಿ ಬಂತು. ಅವ್ವನಿಗೆ ಕಾಣೋದು ನಡುವಿಂದು ಮಾತ್ರ ಅಂತ ಡಾಕ್ಟರಮ್ಮ ಹೇಳಿದ್ರಲ್ಲ? ಬೋರಲಿಂಗ ರೇಷ್ಮೆ ಎಳೆಗೆ ಬಾಟ್ಲಿ ಕಟ್ಟಿ, ಬಾಗಿಲ ನಟ್ಟನಡುವೆ, ಅವ್ವನ ಮೂಗಿನ ನೇರಕ್ಕೆ ನೇತುಹಾಕ್ದ. ಪಡುವಣ ಬಾಗಿಲು ಬೇರೆ. ಮಧ್ಯಾಹ್ನದ ಬಿಸಿಲೆಲ್ಲ ಅದರ ಮೇಲೆ. ಹೊಂಬಾಳಮ್ಮ ಕೆಲಸದಿಂದ ಬಂದು ಮುಟ್ಟಿ ನೋಡಿದ್ರೆ ಕೈ ಚುರ್ ಅಂತು. ಬಾಟ್ಲಿ ಎತ್ಕೊಂಡು, ಮಗನ್ನೂ ಎಳ್ಕೊಂಡು ಹೋಗಿ ಡಾಕ್ಟರಮ್ಮನಿಗೇ ತೋರಿಸಿದ್ಲು.

"ಇದು ಔಷಧಿನೇನಪ್ಪಾ? ಕಷಾಯ!" ಡಾಕ್ಟರಮ್ಮ ಗದರಿ ಹೊಸ ಬಾಟ್ಲಿ ಕೊಟ್ರು. "ನೋಡೋಕಲ್ಲ ಕೊಟ್ಟಿದ್ದು, ಹಾಕೋಕೆ! ಅವ್ವ ಎಲ್ಲೇ ಇರ್ಲಿ, ಏನೇ ಮಾಡ್ತಿರ್ಲಿ, ಹೊತ್ತಿಗೆ ಸರಿಯಾಗಿ ಹಾಕು!"

"ಅಷ್ಟೇ ತಾನೆ? ಆಗ್ಲಿ!"

ಸಂಜೆ ಆಯ್ತು. ಹೊಂಬಾಳಮ್ಮ ಎಲ್ಲಿದ್ಲು? ತೊಟ್ಟಿ ಮುಂದೆ. ಏನ್ಮಾಡ್ತಿದ್ಲು? ಸುಡೋ ನೀರಲ್ಲಿ ಬೆರಳಾಡಿಸ್ತಾ ಎಳೆ ಹಿಡೀತಿದ್ಲು. ಬೋರಲಿಂಗ ಹಿಂದಿನಿಂದ ಬಂದೋನೇ ಗಲ್ಲ ಹಿಡಿದು ಮುಖ ಮೇಲಕ್ಕೆತ್ತಿದ!

"ಅಯ್ಯಯ್ಯೋ!" ಕೈ ಮಣಿಕಟ್ಟಿನವರೆಗೂ ನೀರಿಗೆ ಹೋಯ್ತು. ಎಳೆಯೆಲ್ಲ ಕಿತ್ತೋಯ್ತು. ಚರಕ ತಿರುಗ್ತಾನೇ ಇತ್ತು, ನೂಲಿರ್ಲಿಲ್ಲ. ಸುತ್ತಲಿದ್ದ ಹೆಂಗಸರು ಓಡಿ ಬಂದು ಕೈಗೆ ತಣ್ಣೀರು ಹೊಯ್ದರು.

"ಬಿಸಿನೀರಲ್ಲಿ ಕೈ ಇಟ್ಕೊಂಡಿರೋವಾಗ ಹಾಕ್ತಾರೇನೋ, ಮುಂಡೇದೇ! ನಾನು ಸುಮ್ನೆ ಕೂತಿರೋವಾಗ ಹಾಕೋ!"

"ಅಷ್ಟೇ ತಾನೆ? ಆಗ್ಲಿ!"

ಈಗ ಕೇಳಿ, ಇದೇ ಕೆಟ್ಟದ್ದು.

ಬೆಳಿಗ್ಗೆ ಹೊಂಬಾಳಮ್ಮ ಜಗಲಿ ಮೇಲೆ ಕೂತು "ಔಷಧಿ ಹಾಕೋ" ಅಂದ್ಲು. ಬೋರಲಿಂಗ ಬಾಟ್ಲಿ ಹಿಡ್ಕೊಂಡು ಎದುರಿಗೆ ನಿಂತ. ಅವ್ವ ಕೂತವ್ಳೆ, ಸುಮ್ನಿಲ್ಲ. ಕಾದ.

"ಹಾಕೋ ಅಂದ್ರೆ!"

ಕಾದ.

"ಕಿವುಡಾ ಏನೋ? ಹೊತ್ತಾಯ್ತು, ಹಾಕೋ!"

ಅವ್ವ ಕೂಗಿದಷ್ಟೂ ಇವನು ಕಾದ. ಇವನು ಕಾದಷ್ಟೂ ಅವ್ವ ಕೂಗಿದ್ಲು. ಕೂಗಿ ಕೂಗಿ ಸುಸ್ತಾಗಿ ಕೆಲಸಕ್ಕೆ ಹೋದ್ಲು. ಸಂಜೆಯೂ ಇದೇ ಕತೆ, ಮಾರನೇ ದಿನವೂ ಇದೇ ಕತೆ, ತಿಂಗಳುಗಳು ಕಳೆದ್ರೂ ಇದೇ ಕತೆ. ತಾನೇ ಹಾಕ್ಕೊಳ್ಳೋಕೆ ನೋಡಿದ್ಲು. ಗುರಿ ತಪ್ಪಿ ಹನಿಯೆಲ್ಲ ಕೆನ್ನೆ ಮೇಲೆ. ಒಂದೊಂದು ಸಲ ದಣಿದು ಅಲ್ಲೇ ನಿದ್ದೆ ಹೋಗೋಳು. ಆಗ ಸುಮ್ನಿರೋಳು ನಿಜ, ಆದ್ರೆ ಕೂತಿರ್ತಿರ್ಲಿಲ್ಲ, ಮಲಗಿರೋಳು! ಬೋರಲಿಂಗ ತಲೆ ಕೆರ್ಕೊಂಡು ಬಾಟ್ಲಿ ಒಳಗಿಡೋನು.

ನಗ್ತಿದೀರಾ? ನಗಿ, ನಗಿ. ಅತ್ತ ಹೊಂಬಾಳಮ್ಮನಿಗೆ ತೊಟ್ಟಿ ಅಂಚಿನಲ್ಲಿ ತೇಲೋ ಗೂಡು ಕಾಣದೇ ಹೋಯ್ತು. ಆಸ್ಪತ್ರೆಗೆ ಹೋದ್ರೆ ಡಾಕ್ಟರಮ್ಮ ಮಿಷನ್ನಲ್ಲಿ ನೋಡಿ ಮುಖ ಗಂಟು ಹಾಕ್ಕೊಂಡ್ರು.

"ಒತ್ತಡ ಏರಿದೆ. ನೋಟ ಇನ್ನೂ ಕಿರಿದಾಗಿದೆ. ಔಷಧಿ ಹಾಕ್ತಿಲ್ವಾ?"

ಹೊಂಬಾಳಮ್ಮನಿಗೆ ದುಃಖ ತಡೀಲಿಲ್ಲ. "ಪಕ್ಕದ್ದು ಹೋಗ್ಲಿ ತಾಯಿ, ನಡುವಿಂದಾದ್ರೂ ಉಳಿಸ್ಕೊಡಿ. ಎಳೆ ಕಾಣದಿದ್ರೆ ನಾನು ದುಡಿಯೋದು ಹೆಂಗೆ? ಈ ಪೆದ್ದು ಮುಂಡೇದಕ್ಕೆ ಅನ್ನ ಹಾಕೋರ್ಯಾರು?" ಅಂತ ಸೆರಗು ಬಾಯಿಗಿಟ್ಕೊಂಡು ಅತ್ತಳು.

ಅವ್ವ ಅಳೋದು ನೋಡಿ ಬೋರಲಿಂಗನೂ ಗೋಳೋ ಅಂತ ಅತ್ತ. "ಸುಮ್ನೆ ಕೂರ್ತಾಳೆ ಕೂರ್ತಾಳೆ ಅಂತ ಕಾಯ್ತಿದ್ದೆ ಡಾಕ್ಟರಮ್ಮ, ಕೂರ್ಲೇ ಇಲ್ಲ!"

ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ಕೊಂಡ್ರು. ಆಮೇಲೆ ಎದ್ದು ಬಂದ್ರು. "ಬಾ ಇಲ್ಲಿ. ಬಾಯಲ್ಲಿ ಹೇಳಲ್ಲ, ಮಾಡಿ ತೋರಿಸ್ತೀನಿ. ನಾನು ಮಾಡಿದ್ದನ್ನ ಹಾಗ್ಹಾಗೇ ಮಾಡು." ಕೈ ತೊಳೆದ್ರು. ಹೊಂಬಾಳಮ್ಮನ ತಲೆ ಗೋಡೆಗೆ ಒರಗಿಸಿದ್ರು. ಕೆಳರೆಪ್ಪೆ ಮೆಲ್ಲಗೆ ಎಳೆದು ಒಂದೇ ಹನಿ ಬಿಟ್ರು. ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆ ಒತ್ತಿ ಹಿಡಿದ್ರು. ಇನ್ನೊಂದು ಕಣ್ಣಿಗೂ ಹಾಗೇ ಮಾಡಿದ್ರು. ಆಮೇಲೆ ಒಂದ್ಸಲ ಕೆಮ್ಮಿ, ಬಾಗಿಲ ಕಡೆ ನೋಡಿ "ಮುಂದಿನೋರು ಬನ್ನಿ!" ಅಂದ್ರು.

ಅವತ್ತಿಂದ ಬೋರಲಿಂಗ ಒಂದು ಹೊತ್ತೂ ತಪ್ಪಿಸ್ಲಿಲ್ಲ. ಹಬ್ಬ ಇರ್ಲಿ, ಜ್ವರ ಇರ್ಲಿ, ಬೆಳಿಗ್ಗೆ ಹಾಕ್ದ, ಸಂಜೆ ಹಾಕ್ದ. ಕೈ ತೊಳೆಯೋನು, ರೆಪ್ಪೆ ಎಳೆಯೋನು, ಒಂದೇ ಹನಿ ಬಿಡೋನು, ಮೂಲೆ ಒತ್ತೋನು. ಆಮೇಲೆ ಕೆಮ್ಮೋನು. ಬಾಗಿಲ ಕಡೆ ನೋಡಿ "ಮುಂದಿನೋರು ಬನ್ನಿ!" ಅನ್ನೋನು. ಮೇಕೆ ಬರೋದು.

ಅವನ ಬುದ್ಧಿಗೆ ಹೇಳಿ ಮಾಡಿಸಿದ ಕೆಲಸ ನೋಡಿ ಅದು! ಇನ್ನೊಬ್ಬನಾಗಿದ್ರೆ, ಇವತ್ತು ಬೇಡ ನಾಳೆ ಹಾಕಿದ್ರಾಯ್ತು ಅಂತಿದ್ದ. ಕಣ್ಣೇನೂ ನೋಯ್ತಿಲ್ವಲ್ಲ ಅಂತ ಬಿಟ್ಟುಬಿಡ್ತಿದ್ದ. ಮಳೆಗಾಲ ಕಳೆದ ಮೇಲೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಬೆನ್ನು ತಟ್ಟಿದ್ರು. "ಒತ್ತಡ ಇಳಿದಿದೆ. ಹೋದ ಸಲ ಎಷ್ಟಿತ್ತೋ ನೋಟ ಅಷ್ಟೇ ಇದೆ, ಹೋಗಿಲ್ಲ. ಹೀಗೇ ಹಾಕ್ತಿರು."

ಹೊಂಬಾಳಮ್ಮ ಕೈ ಮುಗಿದು ಚೀಟಿ ಮಾಡಿಸೋಕೆ ಆಚೆ ಹೋದ್ಲು. ಅಲ್ಲಿಗೆ ನಿಲ್ಲಿಸಬಹುದಿತ್ತು ಡಾಕ್ಟರಮ್ಮ. ಅವರಿಗೂ ಖುಷಿಯಾಗಿತ್ತು ನೋಡಿ, ಇನ್ನೊಂದು ಮಾತು ಹೇಳಿಬಿಟ್ರು. "ಇದು ರಕ್ತದಲ್ಲಿ ಬರೋ ಕಾಯಿಲೆನಪ್ಪ. ನಿಮ್ಮವ್ವನ ರಕ್ತ ಯಾರ ಮೈಯಲ್ಲಿದೆಯೋ ಅವರ ಕಣ್ಣೂ ನೋಡ್ಬೇಕು. ನಾಳೆ ಕರ್ಕೊಂಡು ಬಾ."

"ಅಷ್ಟೇ ತಾನೆ? ಆಗ್ಲಿ!"

ಮಾರನೇ ದಿನ ಬೋರಲಿಂಗ ಆಸ್ಪತ್ರೆಗೆ ಬಂದ. ತಲೆ ಮೇಲೆ ಅವ್ವ ಮಲಗೋ ಹಗ್ಗದ ಮಂಚ! ಹಿಂದಿನಿಂದ ಹೊಂಬಾಳಮ್ಮ "ಎಲ್ಲಿಗೋ ನನ್ನ ಮಂಚ!" ಅಂತ ಓಡಿ ಬರ್ತಿದ್ಲು. ಡಾಕ್ಟರಮ್ಮನ ಎದುರಿಗೆ ಮಂಚ ಇಳಿಸಿ ಧಡ್ ಅಂತ ಕುಟ್ಟಿದ. ಪಟಪಟ ಅಂತ ತಿಗಣೆ ಉದುರಿದ್ವು.

ಡಾಕ್ಟರಮ್ಮ ಕುರ್ಚಿ ಹತ್ತಿ ನಿಂತ್ರು. "ಏನಯ್ಯಾ ಇದು!"

"ಅವ್ವನ ರಕ್ತ ಇವುಗಳ ಮೈಯಲ್ಲೇ ಇರೋದು ಡಾಕ್ಟರಮ್ಮ! ದಿನಾ ಕುಡೀತವೆ, ನಾನೇ ಕಂಡಿವ್ನಿ. ನಡ್ಕೊಂಡು ಬಂದ್ರೆ ಹೊತ್ತಾಗುತ್ತೆ ಅಂತ ಹೊತ್ಕೊಂಡೇ ಬಂದೆ!"

"ಅಯ್ಯೋ ದೇವ್ರೇ! ನಿನ್ನ ಮೈಯಲ್ಲಿರೋದು ಯಾರ ರಕ್ತನೋ?"

ಬೋರಲಿಂಗ ತನ್ನ ಎರಡು ಕೈನೂ ತಿರುಗಿಸಿ ನೋಡ್ಕೊಂಡ. "ನಂದು!"

ಡಾಕ್ಟರಮ್ಮ ಕುರ್ಚಿಯಿಂದ ಇಳಿದು, ಕಿವಿ ಹಿಡಿದು ಅವನನ್ನ ಮಿಷನ್ ಮುಂದೆ ಕೂರಿಸಿದ್ರು. ನೋಡಿದ್ರು. ಮತ್ತೆ ನೋಡಿದ್ರು. ಆಮೇಲೆ ಮೆಲ್ಲಗೆ ಹೇಳಿದ್ರು, "ಇವನಿಗೂ ಶುರುವಾಗಿದೆಯಮ್ಮ."

"ಅಯ್ಯೋ, ನನ್ನ ರೋಗ ನನ್ನ ಮಗನಿಗೂ ಕೊಟ್ನಲ್ಲಪ್ಪಾ!" ಹೊಂಬಾಳಮ್ಮ ಎದೆ ಬಡ್ಕೊಂಡು ಅತ್ಲು.

"ಅಳಬೇಡಮ್ಮ. ಸರಿಯಾದ ಹೊತ್ತಿಗೆ ಸಿಕ್ಕಿದಾನೆ, ನೋಟ ಇನ್ನೂ ಒಂದು ಚೂರೂ ಹೋಗಿಲ್ಲ. ನಿನ್ನ ಹಾಗೇ ಹನಿ ಹಾಕ್ಕೊಂಡ್ರೆ ಮುದುಕನಾಗೋವರೆಗೂ ಕಾಣುತ್ತೆ. ಮಂಚ ಮೊದಲು ಆಚೆ ತಗೊಂಡು ಹೋಗಿ!"

"ನೀನು ಕೊಟ್ಟಿದ್ದು ಒಳ್ಳೇದೇ ಆಯ್ತು ಬಿಡವ್ವ" ಅಂದ ಬೋರಲಿಂಗ, "ಇಬ್ಬರೂ ಒಟ್ಟಿಗೆ ಹಾಕ್ಕೋಬಹುದು!"

ಅವನಿಗೂ ಅವನದೇ ಒಂದು ಬಾಟ್ಲಿ ಬಂತು. ಸಂಜೆ ಅವ್ವನಿಗೆ ಹಾಕ್ದ, ತನಗೂ ಹಾಕ್ಕೊಂಡ. ಹೊಂಬಾಳಮ್ಮ ಒಲೆ ಹಚ್ಚಿ ಆಚೆ ಬಂದು ನೋಡ್ತಾಳೆ, ಅಂಗಳದಲ್ಲಿಟ್ಟ ಮಂಚದ ಮೇಲೆ ಬೋರಲಿಂಗ ಬಗ್ಗಿದಾನೆ. ಕೈಯಲ್ಲಿ ಬಾಟ್ಲಿ.

"ಏನೋ ಮಾಡ್ತಿದೀಯಾ?"

"ನಿಂಗಾಯ್ತು, ನಂಗಾಯ್ತು. ಇವುಗಳ ಮೈಯಲ್ಲೂ ನಿನ್ನ ರಕ್ತ ಐತಲ್ಲ, ಹಾಕ್ತಿವ್ನಿ. ಕಣ್ಣು ಎಲ್ಲೈತೆ ಅಂತ್ಲೇ ಗೊತ್ತಾಗ್ತಿಲ್ಲ ಕಣವ್ವ!"

ಹೊಂಬಾಳಮ್ಮ ಪೊರಕೆ ಎತ್ಕೊಂಡು ಬಂದ್ಲು. ಹೊಡೆಯೋಕೆ ಬಗ್ಗಿದ್ಲು. ಬಗ್ಗಿದೋಳು ಹಾಗೇ ನಿಂತ್ಬಿಟ್ಲು. ಹಗ್ಗದ ಗಂಟಿನ ಮೇಲೆ ತಿಗಣೆ ಕಾಣ್ತು. ಅದರ ಕಾಲು ಕಾಣ್ತು, ಮೀಸೆ ಕಾಣ್ತು, ಸಾಸಿವೆಗಿಂತ ಸಣ್ಣ ಕರೀ ಕಣ್ಣೂ ಕಾಣ್ತು! ಪೊರಕೆ ಬಿದ್ದೋಯ್ತು.

"ಕಾಣ್ತದೆ ಕಣೋ ಮಗಾ! ನಂಗೆ ಕಾಣ್ತದೆ! ಅಗೋ ಅಲ್ಲಿ, ತಲೆ ಪಕ್ಕಕ್ಕೆ... ಇನ್ನೊಂಚೂರು ಈಚೆ... ಹಾ, ಅಲ್ಲೇ! ಹಾಕೋ!"

ಬೋರಲಿಂಗ ಹಾಕ್ದ. ತಿಗಣೆ ಹನಿಯೊಳಗೆ ಪೂರ್ತಿ ಮುಳುಗೋಯ್ತು.

"ನೋಡವ್ವ, ಎಷ್ಟು ಒಳ್ಳೇದು ಇದು!" ಅಂದ. "ಎರಡು ಕಣ್ಣಿಗೂ ಒಂದೇ ಸಲಕ್ಕೆ ಹಾಕಿಸ್ಕೊಂಡು, ನಿನ್ನ ಹಂಗೆ ಬೈಯ್ದೇನೇ, ಸುಮ್ನೆ ಬಿದ್ಕೊಂಡೈತೆ!"