ಅಣ್ಣನ ಕಾರಿನ ಹಸಿರು

"ಬುದ್ಧಿ, ಲಿಂಗೈಕ್ಯರಾದ ದೊಡ್ಡ ಗುರುಗಳಿಗೆ ಮುಂಗೋಪ ಇತ್ತಂತೆ. ನಾಳೆ ಸಭೆಯಲ್ಲಿ ಅದನ್ನು ಹೇಳಲೋ, ಬಿಡಲೋ?"

ಕೇಳಿದವನು ಮಠದ ಮರಿ ರುದ್ರಮುನಿ. ಮಾರನೆಯ ದಿನ ದೊಡ್ಡ ಗುರುಗಳ ಪುಣ್ಯಸ್ಮರಣೆ. ಅವರ ವಿಷಯವಾಗಿ ನಾಲ್ಕು ಮಾತಾಡುವ ಕೆಲಸ ಅವನ ಪಾಲಿಗೆ ಬಂದಿತ್ತು. ದೊಡ್ಡ ಗುರುಗಳನ್ನು ಅವನು ಕಣ್ಣಾರೆ ಕಂಡವನಲ್ಲ. ಹಳೆಯ ಭಕ್ತರ ಮನೆಮನೆಗೆ ಹೋಗಿ ಕೇಳಿಕೊಂಡು ಬಂದಿದ್ದ. ಕೇಳಿದ್ದರಲ್ಲಿ ಅರ್ಧ ಅವನಿಗೆ ಹಿಡಿಸಿರಲಿಲ್ಲ.

ಮಠದ ಈಗಿನ ಗುರುಗಳು ಮೊರ ಮುಂದಿಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು. "ನೀನೇನು ಅಂದುಕೊಂಡಿದ್ದೀಯ?" ಎಂದರು.

"ಬಿಟ್ಟುಬಿಡೋಣ ಅಂತ, ಬುದ್ಧಿ. ಅವರ ತಪಸ್ಸು, ದಾಸೋಹ, ಪಾಂಡಿತ್ಯ ಹೇಳಿದರೆ ಸಾಕಲ್ಲವೇ? ಸಿಟ್ಟು, ಪೂಜೆಯ ನಡುವೆ ತೂಕಡಿಕೆ, ಇವೆಲ್ಲ ಜನರ ಮುಂದೆ ಯಾಕೆ? ಅವರು ನಿಮ್ಮ ಗುರುಗಳು. ನಿಮಗೂ ಬೇಸರವಾಗುತ್ತದೆ."

"ಓಹೋ, ನನ್ನ ಮಾನ ಕಾಯಲು ಬಂದೆಯೋ! ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ. ಸನ್ಯಾಸಿಗೆ ಕಾರಿನ ವಿಷಯ ಏನು ಗೊತ್ತು ಅಂತ ಹಲ್ಲು ಬಿಡಬೇಡ. ಮಠಕ್ಕೆ ಎಲ್ಲ ಥರದವರೂ ಬರುತ್ತಾರೆ. ಬಂದವರೆಲ್ಲ ತಮ್ಮ ಪುರಾಣ ಬಿಚ್ಚುತ್ತಾರೆ. ಕೇಳದೆ ಎಲ್ಲಿಗೆ ಹೋಗಲಿ?"

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ತಾಯಿ ತಂದೆ ಇಬ್ಬರೂ ಅವನು ಕೂಸಾಗಿದ್ದಾಗಲೇ ಹೋಗಿಬಿಟ್ಟರು. ಅಣ್ಣನೇ ಸಾಕಿದ. ಆ ಅಣ್ಣನಿಗೆ ಕಾರಿನ ಹುಚ್ಚು. ಕಡಲಾಚೆಯಿಂದ ಹಡಗಿನಲ್ಲಿ ಬಂದ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ಮೇಲೆ ಮುಚ್ಚಳವಿಲ್ಲ, ಒಳಗೆ ಇಬ್ಬರಿಗಷ್ಟೇ ಜಾಗ. ಆ ಎರಡನೆಯ ಜಾಗ ತಮ್ಮನದು. ಭಾನುವಾರ ಬಂತೆಂದರೆ ಬಾನೆಟ್ ಎತ್ತಿ ಇಬ್ಬರೂ ಎಂಜಿನ್ನಿನೊಳಗೆ ತಲೆ ಇಟ್ಟುಬಿಡುತ್ತಿದ್ದರು, ಯಾರು ಕರೆದರೂ ಏಳುತ್ತಿರಲಿಲ್ಲ. ಆಮೇಲೆ ಅಣ್ಣ ಕಾಯಿಲೆ ಬಿದ್ದು ಚಿಕ್ಕ ವಯಸ್ಸಿಗೇ ತೀರಿಕೊಂಡ. ಕಾರು ಷೆಡ್ಡಿನಲ್ಲಿ ತುಕ್ಕು ಹಿಡಿಯಿತು. ತಮ್ಮ ಆ ಕಡೆ ಕಾಲಿಡುತ್ತಿರಲಿಲ್ಲ.

ತಲೆ ನರೆತ ಮೇಲೆ ಒಂದು ದಿನ ವ್ಯಾಪಾರಿಗೆ ದಿಗಿಲಾಯಿತು. ಅಣ್ಣನ ದನಿ ನೆನಪಿಗೆ ಬರುತ್ತಿಲ್ಲ. ಕಣ್ಣು ಮುಚ್ಚಿ ಕೂತ, ಬರಲಿಲ್ಲ. ಅಣ್ಣ ಹೇಗೆ ನಗುತ್ತಿದ್ದ? ಅದೂ ಇಲ್ಲ. ಮನೆಯಲ್ಲಿ ಫೋಟೋ ಇತ್ತು. ಅದರಲ್ಲಿ ಕೋಟು ತೊಟ್ಟು ಬಿಗಿದುಕೊಂಡು ನಿಂತ ಯಾರೋ ಒಬ್ಬರಿದ್ದರು, ಅಷ್ಟೇ. ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ತನ್ನೊಳಗೇ ಅಳಿಸಿ ಹೋಗುತ್ತಿದ್ದಾನಲ್ಲ ಎಂದು ಅವನಿಗೆ ಸಂಕಟವಾಯಿತು. ಕಾರನ್ನು ಮೊದಲಿನಂತೆ ಮಾಡಿಸಿ ಅದರೊಳಗೆ ತಲೆ ಇಟ್ಟರೆ ಅಣ್ಣ ಸಿಕ್ಕಾನು ಅನ್ನಿಸಿತು. ಹುಚ್ಚು ಯೋಚನೆಯೇ ಸರಿ. ಆದರೆ ಪ್ರೀತಿ ಇರುವವರಿಗೆ ಇನ್ನೆಂಥ ಯೋಚನೆ ಬರುತ್ತದೆ, ಹೇಳು?

ಒಬ್ಬ ಪೇಂಟರನ ಹತ್ತಿರ ಹೋದ. ಎಂಜಿನ್ನಿಗೆ ಬಣ್ಣ ಹಚ್ಚುವುದರಲ್ಲಿ ಅವನನ್ನು ಬಿಟ್ಟರೆ ಇಲ್ಲ ಎಂದು ಹೆಸರು. "ಮೇಸ್ತ್ರಿ, ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಆಗಬೇಕು" ಎಂದ ವ್ಯಾಪಾರಿ.

ಪೇಂಟರ್ ಎಂಜಿನ್ನನ್ನು ಪೂರ್ತಿ ಬಿಚ್ಚಿದ. ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ತುಕ್ಕಿನ ನಡುವೆ ಅಲ್ಲಲ್ಲಿ ಉಳಿದಿದ್ದ ಹಳೆಯ ಬಣ್ಣದ ಒಂದು ಚಕ್ಕೆ ಎತ್ತಿಟ್ಟುಕೊಂಡು ಉಳಿದದ್ದನ್ನೆಲ್ಲ ಕೆರೆದು ತೆಗೆದ. ಆ ಚಕ್ಕೆಯ ಹಸಿರು ಬರುವವರೆಗೂ ಬಣ್ಣ ಕಲಸಿದ. ಭಾಗಗಳಿಗೆ ಬಿಡಿಬಿಡಿಯಾಗಿ ಬಣ್ಣ ಹಚ್ಚಿ, ಒಣಗಿಸಿ, ಆಮೇಲೆ ಜೋಡಿಸಿದ. ಬೋಲ್ಟುಗಳನ್ನು ಬೆಳ್ಳಿಯ ಹಾಗೆ ಉಜ್ಜಿದ. ಒಂದರ ಮೇಲಾದರೂ ಹಸಿರಿನ ಸೋಂಕಿಲ್ಲ. ಆ ಎಂಜಿನ್ನಿನಲ್ಲಿ ಮುಖ ನೋಡಿಕೊಂಡು ನೀನು ವಿಭೂತಿ ಹಚ್ಚಿಕೊಳ್ಳಬಹುದಿತ್ತು.

ವ್ಯಾಪಾರಿ ಬಂದು ಬಾನೆಟ್ ಎತ್ತಿದ. ಬಹಳ ಹೊತ್ತು ನೋಡಿದ. ತಲೆ ಒಳಗಿಟ್ಟ, ಹೊರಗೆ ತೆಗೆದ.

"ತುಂಬಾ ಚೆನ್ನಾಗಿದೆ ಮೇಸ್ತ್ರಿ. ಆದರೆ ಇದು ನಮ್ಮಣ್ಣನ ಕಾರಲ್ಲ."

"ಏನು ಕಮ್ಮಿಯಾಯಿತು, ಹೇಳಿ ಸ್ವಾಮಿ."

"ಗೊತ್ತಾಗುತ್ತಿಲ್ಲ" ಎಂದವನು ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ.

ಪೇಂಟರನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕೆಲಸಕ್ಕೆ ಇಂಥ ಮಾತು ಯಾರೂ ಆಡಿರಲಿಲ್ಲ. ಆದರೆ ವ್ಯಾಪಾರಿಯ ಆ ಮುಖ ಕಣ್ಣ ಮುಂದಿನಿಂದ ಹೋಗಲೊಲ್ಲದು. ಇವನೂ ಕರುಳಿದ್ದವನೇ. ಅದೇ ಕಾರ್ಖಾನೆಯ, ಅದೇ ಜಾತಿಯ ಇನ್ನೊಂದು ಎಂಜಿನ್ ಎಲ್ಲಾದರೂ ಇದೆಯೇ ಎಂದು ಹುಡುಕಿಕೊಂಡು ಹೊರಟ. ಕೊನೆಗೆ ಸಿಕ್ಕಿದ್ದು ಒಂದು ಮುಚ್ಚಿದ ಹಿಟ್ಟಿನ ಮಿಲ್ಲಿನಲ್ಲಿ. ಯಾವುದೋ ಕಾರು ಮರಕ್ಕೆ ಗುದ್ದಿ ನಜ್ಜುಗುಜ್ಜಾದಾಗ ಅದರ ಎಂಜಿನ್ನನ್ನು ತಂದು ಮಿಲ್ಲು ಓಡಿಸಲು ಕೂರಿಸಿದ್ದರು. ಅದರ ಮೇಲೆ ಹಿಟ್ಟು ಹೆಪ್ಪುಗಟ್ಟಿ ಕೂತಿತ್ತು. ಪೇಂಟರ್ ಟವೆಲ್ ಒದ್ದೆ ಮಾಡಿ ಒರೆಸತೊಡಗಿದ. ಮಿಲ್ಲಿನ ಯಜಮಾನ, "ಏನ್ರೀ, ಎಂಜಿನ್ನಿಗೆ ಎಣ್ಣೆನೀರು ಹಾಕೋಕೆ ಬಂದಿರಾ?" ಎಂದು ನಕ್ಕ.

ಹಿಟ್ಟಿನ ಕೆಳಗೆ ಕಾರ್ಖಾನೆಯವರು ಹಚ್ಚಿದ ಬಣ್ಣ ಹಾಗೇ ಇತ್ತು. ನೋಡಿದ ಪೇಂಟರ್ ಬಾಯಿ ಬಿಟ್ಟುಕೊಂಡು ನಿಂತ. ಬೋಲ್ಟುಗಳೆಲ್ಲ ಹಸಿರು! ಸಂದಿಯಲ್ಲಿ ಕೂರಿಸಿದ ಪ್ಯಾಕಿಂಗಿನ ಅಂಚೂ ಹಸಿರು. ಪೈಪಿನ ಮರೆಯಲ್ಲಿ ಬಣ್ಣವೇ ಬಿದ್ದಿಲ್ಲ, ಬರಿಯ ಕಬ್ಬಿಣ. ಕೆಳಗಡೆ ಬಣ್ಣ ಸುರಿದು ಹನಿಹನಿಯಾಗಿ ಒಣಗಿದೆ. ಆಗ ಅವನಿಗೆ ಅರ್ಥವಾಯಿತು. ಕಾರ್ಖಾನೆಯಲ್ಲಿ ಎಂಜಿನ್ನನ್ನು ಮೊದಲು ಪೂರ್ತಿ ಜೋಡಿಸುತ್ತಿದ್ದರು. ಆಮೇಲೆ ಅದನ್ನು ನೇತುಹಾಕುತ್ತಿದ್ದರು. ಯಾರೋ ಒಬ್ಬ ಒಂದೇ ಕಡೆ ನಿಂತು ಸ್ಪ್ರೇ ಪಂಪಿನಿಂದ ಭರ್ರನೆ ಬಣ್ಣ ಹೊಡೆದು ಮುಗಿಸುತ್ತಿದ್ದ. ಅವನ ಬೆನ್ನ ಹಿಂದೆ ಇನ್ನೊಂದು ಎಂಜಿನ್ ಕಾದಿರುತ್ತಿತ್ತು, ಪಾಪ.

ಪೇಂಟರ್ ಊರಿಗೆ ಬಂದು ತಾನು ಮಾಡಿದ್ದನ್ನೆಲ್ಲ ಕೆರೆದುಹಾಕಿದ. ಎಂಜಿನ್ ಜೋಡಿಸಿ ಸರಪಳಿಯಲ್ಲಿ ನೇತುಹಾಕಿದ. ಕಷ್ಟ ಶುರುವಾದದ್ದು ಅಲ್ಲಿಂದ. ಅವನ ಕೈ ಕೇಳಲೊಲ್ಲದು! ಬಣ್ಣ ಸುರಿಯಲು ಬಿಟ್ಟರೆ ಕೈ ತಾನಾಗಿ ಹೋಗಿ ಒರೆಸಿಬಿಡುತ್ತಿತ್ತು. ಬೇಕೆಂದೇ ಕುಂಚದಲ್ಲಿ ಹನಿ ಬರೆದ. ಬರೆದ ಹನಿ ಬರೆದ ಹಾಗೇ ಕಂಡಿತು. ಮತ್ತೆ ಕೆರೆದ. ಅವನ ಹೆಂಡತಿ ಇದನ್ನೆಲ್ಲ ನೋಡಿ ನೋಡಿ, "ಕೆಲಸ ಕೆಡಿಸೋದಕ್ಕೂ ಇಷ್ಟು ಒದ್ದಾಡ್ತೀರಲ್ಲ! ಬಿಸಿ ಮುದ್ದೆ ಹಾಕಿದೀನಿ, ಆರಿಹೋಗುತ್ತೆ. ಬರ್ತೀರೋ, ನಾನು ಉಂಡು ಮಲಗಲೋ?" ಎಂದು ಬಾಗಿಲಿನಿಂದ ಕೂಗಿದಳು.

ಮುದ್ದೆ ಆರಿದರೆ ಅವಳು ಮಾತು ಬಿಡುತ್ತಾಳೆ. ಅದು ಅವನಿಗೆ ಗೊತ್ತು. "ಬಂದೆ ಬಂದೆ" ಅನ್ನುತ್ತ ಒಂದೇ ಕಡೆ ನಿಂತು ಪಂಪಿನಿಂದ ಎಂಜಿನ್ನಿಗೆ ಭರ್ರನೆ ಬಣ್ಣ ಹೊಡೆದ, ಉಣ್ಣಲು ಓಡಿದ. ಕೈ ತೊಳೆದು ಬಂದು ನೋಡಿದರೆ ಮಿಲ್ಲಿನಲ್ಲಿ ಕಂಡದ್ದೇ ಇಲ್ಲಿಯೂ ಇತ್ತು. ಬೋಲ್ಟು ಹಸಿರು, ಪೈಪಿನ ಹಿಂದೆ ಬರಿ ಕಬ್ಬಿಣ, ಕೆಳಗೆ ಹನಿ. ಮತ್ತೆ ಒರೆಸಿಬಿಟ್ಟೇನು ಎಂದು ಹೆದರಿ, ಒಣಗುವವರೆಗೂ ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ. ನಗು, ನಗು. ನನಗೂ ನಗು ಬಂದಿತ್ತು.

ಎಂಜಿನ್ನನ್ನು ಕಾರಿನಲ್ಲಿ ಕೂರಿಸಿ ವ್ಯಾಪಾರಿಯನ್ನು ಕರೆಸಿದ. ಅವನು ಬಂದ, ಆಸೆಯೇನೂ ಇಟ್ಟುಕೊಂಡಿರಲಿಲ್ಲ. ಬಾನೆಟ್ ಎತ್ತಿದ. ಬಗ್ಗಿ ನೋಡಿದ. ಹನಿಗಟ್ಟಿದ ಬಣ್ಣದ ಮೇಲೆ ಬೆರಳಿಟ್ಟ. ಇಟ್ಟವನೇ ಗಟ್ಟಿಯಾಗಿ, "ಲೇ ಪುಟ್ಟಾ, ನೋಡೋ ಇಲ್ಲಿ! ಹಡಗು ಹತ್ತಿಸಿ ಇಷ್ಟು ದೂರ ಕಳಿಸಿದಾರೆ, ಇದರ ಮೂಗು ಒರೆಸಿಲ್ಲ ಕಣೋ!" ಎಂದುಬಿಟ್ಟ.

ಆಡಿದ ಮೇಲೆ ತಾನೇ ಬೆಚ್ಚಿದ. ಆ ಮಾತು ಅವನದಲ್ಲ. ಆ ದನಿಯೂ ಅವನದಲ್ಲ. ಅಣ್ಣ ಬಾನೆಟ್ ಎತ್ತಿದಾಗಲೆಲ್ಲ ಅಂದು ನಗುತ್ತಿದ್ದ ಮಾತು, ಅಣ್ಣನದೇ ದನಿಯಲ್ಲಿ ಅವನ ಬಾಯಿಂದ ಬಂದಿತ್ತು. ಅರವತ್ತು ದಾಟಿದ ವ್ಯಾಪಾರಿ ಗ್ಯಾರೇಜಿನ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತ. ಪೇಂಟರನೂ ಅವನ ಪಕ್ಕದಲ್ಲಿ ಕೂತು ಅತ್ತ. ಆಮೇಲೆ ಇಬ್ಬರೂ ಸೇರಿ ಕಾರು ತಳ್ಳಿ, ಸ್ಟಾರ್ಟ್ ಮಾಡಿ, ನೆಟ್ಟಗೆ ಮಠಕ್ಕೆ ಬಂದರು. ಆ ಬಾನೆಟ್ಟಿನೊಳಗೆ ನಾನೂ ತಲೆ ಇಟ್ಟು ನೋಡಿದ್ದೇನೆ.

ಗುರುಗಳು ಕತೆ ಮುಗಿಸಿ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ರುದ್ರಮುನಿ ತಲೆ ಕೆರೆದುಕೊಂಡ.

"ಆದರೂ ಬುದ್ಧಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದರೆ ನಾಳೆ ಕೂತ ಜನ ಏನಂದುಕೊಂಡಾರು?"

"ಜನರದ್ದು ನನಗೆ ಗೊತ್ತಿಲ್ಲ ಮರಿ, ನಾನಂತೂ ಎಲ್ಲರಿಗಿಂತ ಮುಂದೆ ಬಂದು ಕೂತಿರುತ್ತೇನೆ, ನಮ್ಮ ಗುರುಗಳ ಕೈಲಿ ಇನ್ನೊಂದು ಸಲ ಬೈಸಿಕೊಳ್ಳಬೇಕು ಅಂತ."